ಹಳೆಯ ಕಾರಿನ ಸ್ಟೀರಿಂಗ್ ನಡುಗಿದರೆ ಮೊದಲು ಅಲೈನ್‌ಮೆಂಟ್ ಮಾಡಿಸಬೇಕೇ?

ಭಟ್ಕಳ ತಾಲೂಕಿನ ಕಾಯ್ಕಿಣಿಯ ಒಂದು ಮನೆಯ ಅಂಗಳದಲ್ಲಿ 2006ರ ಮಾರುತಿ ಆಲ್ಟೋ ನಿಂತಿದೆ ಎಂದುಕೊಳ್ಳಿ. ಪವರ್ ಸ್ಟೀರಿಂಗ್ ಇಲ್ಲದ ಕಾರು. ವಾರಕ್ಕೊಮ್ಮೆ ಭಟ್ಕಳ ಪೇಟೆಗೆ, ಆಗೊಮ್ಮೆ ಈಗೊಮ್ಮೆ ಹೊನ್ನಾವರಕ್ಕೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಮಣಿಪಾಲಕ್ಕೆ ಹೋಗಿ ಬರುತ್ತದೆ. ಈಚೆಗೆ ಹೆದ್ದಾರಿಯಲ್ಲಿ ವೇಗ 80 ಕಿ.ಮೀ. ಮುಟ್ಟುತ್ತಿದ್ದಂತೆ ಸ್ಟೀರಿಂಗ್ ನಡುಗುತ್ತದೆ. ಊರೊಳಗಿನ ರಸ್ತೆಯಲ್ಲಿ ಹೊಂಡ ಸಿಕ್ಕಾಗ ಎಡಗಡೆ ಮುಂದಿನಿಂದ ‘ಟಕ್’ ಎಂಬ ಸದ್ದು ಬರುತ್ತದೆ. ಅದೇ ಕಡೆಯ ಟಯರಿನ ಒಳ ಅಂಚು ಸವೆದು ನುಣುಪಾಗಿದೆ.

ಮಾಲೀಕರು ಎರಡು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದಾರೆ. ಎರಡೂ ಸಲ ಕಂಪ್ಯೂಟರ್ ಪರದೆಯ ಮೇಲೆ ಎಲ್ಲ ಅಂಕಿಗಳೂ ಹಸಿರಾದವು. ಎರಡೂ ಸಲ ನಡುಕ ಹಾಗೇ ಉಳಿಯಿತು. ಈಗ ಸಿಕ್ಕವರೆಲ್ಲ ಒಂದೊಂದು ಸಲಹೆ ಕೊಡುತ್ತಿದ್ದಾರೆ. ಒಬ್ಬರು ಶಾಕ್ ಅಬ್ಸಾರ್ಬರ್ ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು ಸ್ಟೀರಿಂಗ್ ರ‍್ಯಾಕ್ ಹೋಗಿದೆ ಎನ್ನುತ್ತಾರೆ. ಮತ್ತೊಬ್ಬರು ಕಾರು ಮಾರಿಬಿಡಿ ಎನ್ನುತ್ತಾರೆ.

ಸ್ಟೀರಿಂಗಿನಲ್ಲಿ ಏನೇ ತೊಂದರೆ ಕಂಡರೂ ಮೊದಲು ಅಲೈನ್‌ಮೆಂಟ್ ಮಾಡಿಸಬೇಕು ಎಂಬುದು ತುಂಬ ಜನರ ನಂಬಿಕೆ. ಇದು ನಿಜವೇ? ಅಲ್ಲ. ಅಲೈನ್‌ಮೆಂಟ್ ಬೇಕು, ಆದರೆ ಅದರ ಸರದಿ ಕೊನೆಯದು. ಅದಕ್ಕಿಂತ ಮೊದಲು ನೋಡಬೇಕಾದ ಕೆಲವು ಸಂಗತಿಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ಮನೆಯಂಗಳದಲ್ಲೇ, ದುಡ್ಡು ಖರ್ಚಿಲ್ಲದೆ ನೋಡಬಹುದು. ಹೇಗೆಂದು ತಿಳಿಯೋಣ.

ಚಕ್ರದ ಹಿಂದೆ ಏನೇನಿದೆ?

ತೊಂದರೆ ಹುಡುಕುವ ಮೊದಲು ಅಲ್ಲಿರುವ ಭಾಗಗಳ ಪರಿಚಯ ಇರಬೇಕು. ನೀವು ಸ್ಟೀರಿಂಗ್ ತಿರುಗಿಸಿದಾಗ ಅದರ ಕಂಬ ತಿರುಗುತ್ತದೆ. ಕಂಬದ ತುದಿಯಲ್ಲಿರುವ ಸಣ್ಣ ಹಲ್ಲಿನ ಗಾಲಿ ಒಂದು ಹಲ್ಲಿನ ಪಟ್ಟಿಯನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆ. ಈ ಪಟ್ಟಿಯೇ ರ‍್ಯಾಕ್. ರ‍್ಯಾಕಿನ ಎರಡೂ ತುದಿಗಳಿಂದ ಟೈ ರಾಡ್ ಎಂಬ ಸರಳುಗಳು ಹೊರಟು ಎರಡು ಮುಂದಿನ ಚಕ್ರಗಳನ್ನು ತಿರುಗಿಸುತ್ತವೆ. ಸರಳು ಚಕ್ರಕ್ಕೆ ಸೇರುವ ಜಾಗದಲ್ಲಿ ‘ಟೈ ರಾಡ್ ಎಂಡ್’ ಎಂಬ ಕೀಲು ಇರುತ್ತದೆ.

ಚಕ್ರವನ್ನು ಕೆಳಗಿನಿಂದ ಹಿಡಿದಿರುವುದು ಲೋವರ್ ಆರ್ಮ್ ಎಂಬ ಉಕ್ಕಿನ ತೋಳು. ಅದರ ಒಂದು ತುದಿ ರಬ್ಬರ್ ಬುಷ್ ಮೂಲಕ ಕಾರಿನ ಒಡಲಿಗೆ ಸೇರಿದೆ. ಇನ್ನೊಂದು ತುದಿ ಬಾಲ್ ಜಾಯಿಂಟ್ ಮೂಲಕ ಚಕ್ರದ ಭಾಗಕ್ಕೆ ಸೇರಿದೆ. ಬಾಲ್ ಜಾಯಿಂಟ್ ಎಂದರೆ ನಮ್ಮ ಸೊಂಟದ ಕೀಲಿನ ಹಾಗೆ, ಬಟ್ಟಲಿನೊಳಗೆ ಕೂತ ಒಂದು ಗುಂಡು. ಒಳಗೆ ಗ್ರೀಸ್, ಹೊರಗೆ ಅದನ್ನು ಕಾಯುವ ರಬ್ಬರ್ ಟೋಪಿ. ಟೋಪಿ ಹರಿದರೆ ಗ್ರೀಸ್ ಹೊರಗೆ ಹೋಗುತ್ತದೆ, ಮಳೆನೀರು ಮತ್ತು ಮರಳು ಒಳಗೆ ಹೋಗುತ್ತವೆ. ಆಮೇಲೆ ಸವೆತ ಬೇಗ ಬೇಗ ಸಾಗುತ್ತದೆ.

ಚಕ್ರದ ಮೇಲೆ ನೇರವಾಗಿ ನಿಂತಿರುವುದು ಸ್ಟ್ರಟ್. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಕೂಡಿರುವ ಈ ಜೋಡಣೆಗೆ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಅವರ ಹೆಸರಿದೆ. 1950ರ ಫೋರ್ಡ್ ಕಾನ್ಸುಲ್ ಇದನ್ನು ಬಳಸಿದ ಮೊದಮೊದಲ ಕಾರುಗಳಲ್ಲಿ ಒಂದು. ನಮ್ಮಲ್ಲಿ ಮಾರುತಿ 800, ಆಲ್ಟೋ, ಓಮ್ನಿ ಮೊದಲಾದವುಗಳ ಮುಂಭಾಗದಲ್ಲಿ ಇರುವುದೂ ಇದೇ. ಅಂಬಾಸಡರ್ ಮಾತ್ರ ಬೇರೆ. ಅದರ ಮುಂಭಾಗದಲ್ಲಿ ತಿರುಚಿಕೊಳ್ಳುವ ಸರಳಿನ ಟಾರ್ಶನ್ ಬಾರ್ ಇದೆ.

ಇಲ್ಲಿ ಇನ್ನೊಂದು ತಪ್ಪು ನಂಬಿಕೆಯನ್ನೂ ತಿದ್ದಿಕೊಳ್ಳೋಣ. ಕಾರಿನ ಭಾರ ಹೊರುವುದು ಶಾಕ್ ಅಬ್ಸಾರ್ಬರ್ ಎಂದು ಹಲವರು ತಿಳಿದಿದ್ದಾರೆ. ಭಾರ ಹೊರುವುದು ಸ್ಪ್ರಿಂಗ್. ಹೊಂಡ ದಾಟಿದ ಮೇಲೆ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗಿನ ಎಣ್ಣೆ ಸಣ್ಣ ತೂತುಗಳ ಮೂಲಕ ಕಷ್ಟಪಟ್ಟು ಹರಿಯುವಾಗ ಕುಣಿತದ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಆದ್ದರಿಂದ ಕಾರು ಒಂದು ಕಡೆ ಕುಸಿದು ನಿಂತಿದ್ದರೆ ಸ್ಪ್ರಿಂಗ್ ನೋಡಿ. ಹಂಪ್ ದಾಟಿದ ಮೇಲೂ ತೇಲಾಡುತ್ತಿದ್ದರೆ ಶಾಕ್ ಅಬ್ಸಾರ್ಬರ್ ನೋಡಿ.

ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ

ವೈದ್ಯರು ‘ನೋವು ಯಾವಾಗ ಬರುತ್ತದೆ, ಏನು ಮಾಡಿದರೆ ಹೆಚ್ಚಾಗುತ್ತದೆ’ ಎಂದು ಕೇಳುತ್ತಾರಲ್ಲ, ಕಾರಿಗೂ ಹಾಗೇ ಕೇಳಬೇಕು.

1. ತೊಂದರೆ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಬರುತ್ತದೆಯೇ?
2. ಬ್ರೇಕ್ ಒತ್ತಿದಾಗ ಮಾತ್ರ ಬರುತ್ತದೆಯೇ?
3. ತಿರುವಿನಲ್ಲಿ ಹೆಚ್ಚು ಕಡಿಮೆ ಆಗುತ್ತದೆಯೇ?
4. ಹೊಂಡ, ಹಂಪ್ ಸಿಕ್ಕಾಗ ಮಾತ್ರ ಬರುತ್ತದೆಯೇ?

ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಗ್ಯಾರೇಜಿಗೆ ಹೋದಾಗ ‘ಬಾಲ್ ಜಾಯಿಂಟ್ ಹಾಕಿ’ ಎಂದು ಹೇಳಬೇಡಿ. ‘20ರ ವೇಗದಲ್ಲಿ ಹೊಂಡಕ್ಕೆ ಇಳಿದಾಗ ಎಡ ಮುಂದಿನಿಂದ ಟಕ್ ಅನ್ನುತ್ತದೆ, ಬ್ರೇಕ್ ಒತ್ತಿದ್ದರೂ ಅನ್ನುತ್ತದೆ’ ಎಂದು ಹೇಳಿ. ಭಾಗದ ಹೆಸರು ಹೇಳಿದರೆ ಆ ಭಾಗ ಬದಲಾಗುತ್ತದೆ, ತೊಂದರೆ ಉಳಿಯಲೂಬಹುದು. ಲಕ್ಷಣ ಹೇಳಿದರೆ ಮೆಕ್ಯಾನಿಕ್ ಹುಡುಕಲು ತೊಡಗುತ್ತಾರೆ.

ನಡುಕ: ಒಂದು ವೇಗದಲ್ಲಿ ಬಂದು ಹೋಗುವುದೇಕೆ?

70ರಿಂದ 100 ಕಿ.ಮೀ. ವೇಗದ ನಡುವೆ ಎಲ್ಲೋ ಸ್ಟೀರಿಂಗ್ ನಡುಗಿ, ಅದಕ್ಕಿಂತ ಕಡಿಮೆಯಾದರೆ ನಿಂತುಹೋಗುವುದಾದರೆ ಮೊದಲ ಅನುಮಾನ ಚಕ್ರದ ಬ್ಯಾಲೆನ್ಸ್ ಮೇಲೆ. ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ. ಅಲೈನ್‌ಮೆಂಟ್ ಎಂದರೆ ಚಕ್ರಗಳು ಯಾವ ದಿಕ್ಕಿಗೆ ಮುಖ ಮಾಡಿವೆ, ಎಷ್ಟು ವಾಲಿವೆ ಎಂಬುದು. ಬ್ಯಾಲೆನ್ಸಿಂಗ್ ಎಂದರೆ ಚಕ್ರದ ತೂಕ ಸುತ್ತಲೂ ಸಮನಾಗಿ ಹಂಚಿದೆಯೇ ಎಂಬುದು.

ಒಂದು ಲೆಕ್ಕ ನೋಡಿ. ಆಲ್ಟೋದ 145/80 ಆರ್ 12 ಅಳತೆಯ ಟಯರ್ ಒಂದು ಸುತ್ತಿಗೆ ಸುಮಾರು 1.7 ಮೀಟರ್ ಸಾಗುತ್ತದೆ. 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 13 ಸುತ್ತು ತಿರುಗುತ್ತದೆ. ರಿಮ್ಮಿನ ಒಂದು ಕಡೆ ಕೇವಲ 20 ಗ್ರಾಂ ತೂಕ ಹೆಚ್ಚಿದ್ದರೆ, ಆ ವೇಗದಲ್ಲಿ ಅದು ಚಕ್ರವನ್ನು ಸುಮಾರು 2 ಕಿಲೋ ತೂಕದಷ್ಟು ಬಲದಿಂದ ಹೊರಗೆ ಎಳೆಯುತ್ತದೆ, ಅದೂ ಸೆಕೆಂಡಿಗೆ 13 ಸಲ ದಿಕ್ಕು ಬದಲಿಸುತ್ತ. 40 ಕಿ.ಮೀ. ವೇಗದಲ್ಲಿ ಅದೇ ಎಳೆತ ಅರ್ಧ ಕಿಲೋ ಮಾತ್ರ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಊರೊಳಗೆ ಗೊತ್ತೇ ಆಗದ ತೊಂದರೆ ಹೆದ್ದಾರಿಯಲ್ಲಿ ಕೈ ನಡುಗಿಸುವುದು ಇದಕ್ಕೇ.

ಆದರೆ ವೇಗ ಇನ್ನೂ ಹೆಚ್ಚಿದರೆ ನಡುಕ ಕೆಲವೊಮ್ಮೆ ಕಡಿಮೆಯಾಗುವುದೇಕೆ? ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಅದು ಎತ್ತರಕ್ಕೆ ಹೋಗುತ್ತದೆ. ಕಾರಿನ ಮುಂಭಾಗಕ್ಕೂ ಅಂಥ ಒಂದು ಸಹಜ ಲಯ ಇದೆ. ಚಕ್ರದ ಸುತ್ತು ಆ ಲಯಕ್ಕೆ ಹೊಂದಿದಾಗ ನಡುಕ ಎದ್ದು ಕಾಣುತ್ತದೆ.

ನಡುಕಕ್ಕೆ ಇನ್ನೂ ಕೆಲವು ಮೂಲಗಳಿವೆ. ಹೊಂಡಕ್ಕೆ ಬಡಿದು ರಿಮ್ ಬಗ್ಗಿರಬಹುದು. ಬಗ್ಗಿದ ರಿಮ್ಮಿಗೆ ಎಷ್ಟು ಸೀಸದ ತುಂಡು ಅಂಟಿಸಿದರೂ ನಡುಕ ಪೂರ್ತಿ ಹೋಗುವುದಿಲ್ಲ. 20–40 ಕಿ.ಮೀ. ವೇಗದಲ್ಲೇ ಕಾರು ಎಡಕ್ಕೆ ಬಲಕ್ಕೆ ಓಲಾಡಿದರೆ ಟಯರಿನ ಒಳಗಿನ ಉಕ್ಕಿನ ಪದರ ಬಿಟ್ಟಿರಬಹುದು. ಅದು ಒಡೆಯುವ ಟಯರ್, ಕೂಡಲೇ ಬದಲಿಸಬೇಕು. ಬ್ರೇಕ್ ಒತ್ತಿದಾಗ ಮಾತ್ರ ನಡುಕ ಬಂದರೆ ಮುಂದಿನ ಬ್ರೇಕ್ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮನೆ ಉಳಿದಿಲ್ಲ ಎಂದು ಅರ್ಥ. ಸೀಟು ನಡುಗಿದರೆ ಹಿಂದಿನ ಚಕ್ರಗಳನ್ನೂ ನೋಡಬೇಕು.

ಹಳೆಯ ಕಾರುಗಳಲ್ಲಿ ಟಯರಿನ ವಯಸ್ಸನ್ನು ಮರೆಯಬಾರದು. ಕಡಿಮೆ ಓಡುವ ಕಾರಿನ ಟಯರ್ ಸವೆಯದೇ ಮುದಿಯಾಗುತ್ತದೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ಒಂದು ಕಡೆ ಎಳೆಯುವುದು

ಕಾರು ಮೆಲ್ಲನೆ ಎಡಕ್ಕೆ ಸರಿಯುತ್ತದೆ ಎಂದಾದರೆ ಮೊದಲು ರಸ್ತೆ ನೋಡಿ. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುಭಾಗ ಎತ್ತರವಾಗಿ, ಅಂಚು ತಗ್ಗಾಗಿ ಇರುತ್ತದೆ. ನಾವು ಎಡಕ್ಕೆ ಓಡಿಸುವುದರಿಂದ ಕಾರು ಅಷ್ಟಿಷ್ಟು ಎಡಕ್ಕೆ ಹೋಗುವುದು ಸಹಜ. ಬೇರೆ ಬೇರೆ ರಸ್ತೆಗಳಲ್ಲಿ, ವಾಹನ ದಟ್ಟಣೆ ಇಲ್ಲದಾಗ ನೋಡಿ. ಆಗಲೂ ಎರಡೂ ಕೈ ಸ್ಟೀರಿಂಗ್ ಮೇಲೇ ಇರಲಿ. ಕೈಗೆ ತಾಗುವ ಎಳೆತವೇ ಸಾಕಷ್ಟು ಹೇಳುತ್ತದೆ.

ಎಲ್ಲ ಕಡೆಯೂ ಎಳೆಯುತ್ತಿದ್ದರೆ ಟಯರಿನ ಗಾಳಿ ನೋಡಿ. ಟಯರ್ ತಣ್ಣಗಿರುವಾಗ ಅಳೆಯಬೇಕು. ಎಷ್ಟಿರಬೇಕೆಂದು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಗಾಳಿ ಸರಿಯಿದ್ದರೆ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ. ಒಂದೇ ದಿಕ್ಕಿಗೆ ತಿರುಗಬೇಕೆಂಬ ಬಾಣದ ಗುರುತಿರುವ ಟಯರ್ ಆದರೆ ಹೀಗೆ ಮಾಡಬೇಡಿ. ಅದಲುಬದಲಾದ ಮೇಲೆ ಎಳೆತದ ದಿಕ್ಕೂ ಬದಲಾದರೆ ತಪ್ಪು ಟಯರಿನದು. ಬದಲಾಗದಿದ್ದರೆ ಮಾತ್ರ ಮುಂದೆ ಹುಡುಕಿ.

ಹತ್ತು ಹದಿನೈದು ಕಿ.ಮೀ. ಓಡಿಸಿ ನಿಲ್ಲಿಸಿದ ಮೇಲೆ ಎರಡೂ ಮುಂದಿನ ರಿಮ್‌ಗಳ ಹತ್ತಿರ ಕೈ ಹಿಡಿದು ಬಿಸಿ ಹೋಲಿಸಿ. ಮುಟ್ಟಬೇಡಿ, ಸುಡಬಹುದು. ಒಂದು ಕಡೆ ತುಂಬ ಬಿಸಿ ಇದ್ದರೆ ಆ ಬ್ರೇಕ್ ಬಿಡದೆ ಹಿಡಿದುಕೊಂಡಿದೆ. ಬ್ರೇಕ್ ಒತ್ತಿದಾಗ ಮಾತ್ರ ಎಡಕ್ಕೆ ಎಳೆದರೆ ಬಲಗಡೆಯ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲದಿರಬಹುದು. ಇಲ್ಲವೇ ಲೋವರ್ ಆರ್ಮಿನ ಬುಷ್ ಸೋತು, ಬ್ರೇಕ್ ಒತ್ತಿದಾಗ ಒಂದು ಚಕ್ರ ಹಿಂದಕ್ಕೆ ಸರಿಯುತ್ತಿರಬಹುದು. ಮಾರುತಿ 800ರಂಥ ಕಾರುಗಳಲ್ಲಿ ಮುಂದಿನ ಸ್ಟೆಬಿಲೈಜರ್ ಬಾರ್ ಲೋವರ್ ಆರ್ಮನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಕೆಲಸವನ್ನೂ ಮಾಡುತ್ತದೆ. ಅದರ ಬುಷ್ ಹೋದರೂ ಇದೇ ಲಕ್ಷಣ ಕಾಣುತ್ತದೆ.

ಸದ್ದುಗಳು ಏನು ಹೇಳುತ್ತವೆ?

ಸಣ್ಣ ಹೊಂಡಗಳಲ್ಲಿ ಟಕ್ ಟಕ್: ಸ್ಟೆಬಿಲೈಜರ್ ಬುಷ್ ಅಥವಾ ಲಿಂಕ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್. ಇವುಗಳಲ್ಲಿ ಮೊದಲನೆಯದು, ಸ್ಟೆಬಿಲೈಜರ್ ಬಾರ್ ಲೋವರ್ ಆರ್ಮನ್ನು ಹಿಡಿದಿರದ ಕಾರುಗಳಲ್ಲಿ, ಕಿರಿಕಿರಿ ಮಾತ್ರ, ಉಳಿದೆರಡು ಅಪಾಯ. ಕಿವಿಗೆ ಮೂರೂ ಹೆಚ್ಚು ಕಡಿಮೆ ಒಂದೇ. ಆದ್ದರಿಂದಲೇ ಸದ್ದು ಕೇಳಿ ಭಾಗ ಕೊಳ್ಳಬಾರದು, ಕೈಯಿಂದ ಅಲುಗಾಡಿಸಿ ನೋಡಬೇಕು.

ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ‘ಟಂಯ್’ ಎನ್ನುವುದು: ಸ್ಟ್ರಟ್ಟಿನ ಮೇಲ್ತುದಿಯ ಬೇರಿಂಗ್ ಹಿಡಿದುಕೊಂಡಿದೆ. ಸ್ಪ್ರಿಂಗ್ ತಿರುಚಿಕೊಂಡು ಆಮೇಲೆ ಬಿಡಿಸಿಕೊಳ್ಳುತ್ತದೆ. ಸ್ಟೀರಿಂಗ್ ಭಾರ ಎನಿಸುವುದಕ್ಕೂ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಮರಳದಿರುವುದಕ್ಕೂ ಇದು ಕಾರಣವಾಗಬಹುದು.

ಪೂರ್ತಿ ತಿರುಗಿಸಿ ವೇಗ ಕೊಟ್ಟಾಗ ಕಟಕಟ: ಇದು ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಆಕ್ಸಲಿನ ಕೀಲು. ಸಸ್ಪೆನ್ಷನ್ ತಪ್ಪಲ್ಲ.

ವೇಗದೊಂದಿಗೆ ಏರುವ ಗುಂಯ್‌ಗುಡುವ ಸದ್ದು: ವೀಲ್ ಬೇರಿಂಗ್. ಬಲಕ್ಕೆ ತಿರುಗಿದಾಗ ಕಾರಿನ ಭಾರ ಎಡಗಡೆ ಬೀಳುತ್ತದೆ. ಆಗ ಸದ್ದು ಹೆಚ್ಚಾದರೆ ಎಡ ಬೇರಿಂಗ್ ಎಂದು ಊಹಿಸಬಹುದು.

ಅಂಗಳದಲ್ಲೇ ಮಾಡುವ ಪರೀಕ್ಷೆ

ಇದಕ್ಕೆ ಇಬ್ಬರು ಬೇಕು. ಕಾರು ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ.

ಮೊದಲ ಹಂತ, ಕಣ್ಣು ಮತ್ತು ಕೈ. ಚಕ್ರದ ನಟ್‌ಗಳು ಬಿಗಿಯಾಗಿವೆಯೇ ನೋಡಿ. ಪಂಕ್ಚರ್ ಹಾಕಿಸಿದ ಮೇಲೆ ಸಡಿಲ ಉಳಿದ ನಟ್ಟೇ ಎಷ್ಟೋ ಸಲ ನಡುಕಕ್ಕೆ ಕಾರಣ. ನಂತರ ಟಯರಿನ ಮೇಲೆ ಅಂಗೈ ಸವರಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು, ನಡು ಸವೆದಿದ್ದರೆ ಹೆಚ್ಚಿತ್ತು. ಒಂದೇ ಅಂಚು ಸವೆದಿದ್ದರೆ ಚಕ್ರ ವಾಲಿದೆ ಅಥವಾ ದಿಕ್ಕು ತಪ್ಪಿದೆ. ಒಂದು ಕಡೆಗೆ ಸವರಿದರೆ ನುಣುಪು, ಎದುರು ಕಡೆಗೆ ಸವರಿದರೆ ಗರಗಸದಂತೆ ಒರಟು ಎನಿಸಿದರೆ ಚಕ್ರ ಅಡ್ಡಕ್ಕೆ ಉಜ್ಜುತ್ತ ಓಡುತ್ತಿದೆ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ ಪಡಬೇಕು.

ಎರಡನೇ ಹಂತ, ಸ್ಟೀರಿಂಗ್ ಆಟ. ಚಕ್ರಗಳು ನೆಲದ ಮೇಲೇ ಇರಲಿ. ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಅಲುಗಿಸಲಿ. ಇನ್ನೊಬ್ಬರು ಚಕ್ರದ ಹಿಂದೆ ಬ್ಯಾಟರಿ ಬೆಳಕು ಬಿಟ್ಟು ಪ್ರತಿ ಕೀಲನ್ನೂ ನೋಡಲಿ. ಒಂದು ಭಾಗ ಅಲುಗಿದ ಕೂಡಲೇ ಅದಕ್ಕೆ ಸೇರಿದ ಭಾಗವೂ ಅಲುಗಬೇಕು. ನಡುವೆ ತಡವಾದರೆ, ‘ಟಿಕ್’ ಎಂದರೆ ಅಲ್ಲಿಯೇ ಪ್ಲೇ ಬಂದಿದೆ. ಸ್ಟೀರಿಂಗ್ ಕಂಬದ ಕೀಲಿನಿಂದ ಹಿಡಿದು ಟೈ ರಾಡ್ ಎಂಡ್ ತನಕ ಹೀಗೆ ನೋಡುತ್ತ ಹೋಗಿ.

ಮೂರನೇ ಹಂತ, ಜಾಕ್. ಇಲ್ಲಿ ಎಚ್ಚರ ಬೇಕು. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಇಡಿ. ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೆ ಜಾಕ್ ಕೊಟ್ಟು ಎತ್ತಿ, ಪಕ್ಕದಲ್ಲಿ ಉಕ್ಕಿನ ಸ್ಟ್ಯಾಂಡ್ ಕೊಡಿ. ನಮ್ಮ ಕಡೆ ಕೈಗೆ ಸಿಗುವುದು ಚಿರೆಕಲ್ಲು. ಅದನ್ನು ಆಧಾರಕ್ಕೆ ಇಡಲೇಬಾರದು. ಗೋಡೆಯಲ್ಲಿ ಗಟ್ಟಿಯಾಗಿ ನಿಲ್ಲುವ ಕಲ್ಲೇ ಕಾರಿನ ಭಾರ ಒಂದು ಬಿಂದುವಿನ ಮೇಲೆ ಬಿದ್ದಾಗ ಥಟ್ಟನೆ ಪುಡಿಯಾಗಬಹುದು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈ, ತಲೆ ಯಾವುದೂ ಹೋಗಬಾರದು. ಸ್ಟ್ಯಾಂಡ್ ಇಲ್ಲದಿದ್ದರೆ ಈ ಹಂತವನ್ನು ಗ್ಯಾರೇಜಿಗೆ ಬಿಡಿ.

ಎತ್ತಿದ ಚಕ್ರವನ್ನು ಗಡಿಯಾರ ಎಂದುಕೊಳ್ಳಿ. 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಮಾತ್ರ ಸಡಿಲ ಕಂಡರೆ ಟೈ ರಾಡ್ ಅಥವಾ ರ‍್ಯಾಕ್. 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಈ ಎರಡರಲ್ಲಿ ಯಾವುದೆಂದು ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಬ್ರೇಕ್ ಹಿಡಿದಾಗ ಚಕ್ರವೂ ಅದರ ಹಿಂದಿನ ಭಾಗವೂ ಒಂದಾಗುತ್ತವೆ. ಆಗ ಸಡಿಲ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಬುಷ್.

ಇನ್ನು, ಕಾರಿನ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ಎಣಿಸುವ ಪರೀಕ್ಷೆ. ನಾಲ್ಕೈದು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಪೂರ್ತಿ ಹೋಗಿದೆ ಎನ್ನಬಹುದು. ಆದರೆ ಕುಣಿಯದಿದ್ದರೆ ಸರಿಯಿದೆ ಎಂದು ಹೇಳಲಾಗದು. ಅರ್ಧ ಸೋತ ಶಾಕ್ ಅಬ್ಸಾರ್ಬರ್ ಕೂಡ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅದರ ಮೈಮೇಲೆ ತೆಳುವಾದ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ. ಎಣ್ಣೆ ಹರಿದು ಇಳಿದಿದ್ದರೆ ಬದಲಿಸಬೇಕು, ಅದೂ ಎಡ ಬಲ ಜೋಡಿಯಾಗಿಯೇ.

ಕಡಲ ಗಾಳಿ ಮತ್ತು ಹಳೆ ಎಣ್ಣೆಯ ನಂಬಿಕೆ

ಕಾಯ್ಕಿಣಿಯಿಂದ ಪಶ್ಚಿಮಕ್ಕೆ ಅರಬ್ಬೀ ಸಮುದ್ರ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದ ಮಳೆ. ಕಬ್ಬಿಣ ತುಕ್ಕು ಹಿಡಿಯುವುದು ಒಂದು ವಿದ್ಯುತ್ ರಾಸಾಯನಿಕ ಕ್ರಿಯೆ. ನೀರಿನಲ್ಲಿ ಉಪ್ಪು ಬೆರೆತರೆ ಅದರಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ತುಕ್ಕೂ ಬೇಗ ಬೆಳೆಯುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ಬೆಳೆದ ಅದೇ ವಯಸ್ಸಿನ ಕಾರಿಗಿಂತ ಕರಾವಳಿಯ ಕಾರಿನ ತಳ ಬೇರೆಯೇ ಸ್ಥಿತಿಯಲ್ಲಿರುತ್ತದೆ.

ನೋಡಬೇಕಾದ ಜಾಗಗಳು ಮೂರು: ಸ್ಪ್ರಿಂಗ್ ಕೂರುವ ತಟ್ಟೆ, ಲೋವರ್ ಆರ್ಮ್ ಒಡಲಿಗೆ ಸೇರುವ ಜಾಗ, ಬಾನೆಟ್ ಒಳಗೆ ಸ್ಟ್ರಟ್ಟಿನ ಮೇಲ್ತುದಿ ಕೂರುವ ಜಾಗ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಒಳಗೆ ತಿಂದುಹೋದ ತಗಡು ಮಂದ ಸದ್ದು ಮಾಡುತ್ತದೆ, ಪದರ ಪದರವಾಗಿ ಉದುರುತ್ತದೆ. ಅಂಥಲ್ಲಿ ಪುಟ್ಟಿ ಹಚ್ಚಿ ಬಣ್ಣ ಬಳಿದರೆ ತುಕ್ಕು ಮುಚ್ಚುತ್ತದೆ, ಬಲ ಬರುವುದಿಲ್ಲ. ತಿಂದುಹೋದ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕು.

ತುಕ್ಕು ತಡೆಯಲು ಮಳೆಗಾಲಕ್ಕೆ ಮೊದಲು ಕಾರಿನ ತಳಕ್ಕೆ ಹಳೆ ಎಂಜಿನ್ ಆಯಿಲ್ ಹೊಡೆಯುವ ರೂಢಿ ಇದೆ. ಕಬ್ಬಿಣಕ್ಕೆ ಅದರಿಂದ ಸ್ವಲ್ಪ ರಕ್ಷಣೆ ಸಿಗಬಹುದು. ಆದರೆ ಸಸ್ಪೆನ್ಷನ್ ಬುಷ್‌ಗಳಲ್ಲಿ ಹೆಚ್ಚಾಗಿ ಇರುವ ನೈಸರ್ಗಿಕ ರಬ್ಬರ್ ಖನಿಜ ಎಣ್ಣೆ ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಕಿತ್ತು ಬರುತ್ತದೆ. ಕಿರ್ ಎನ್ನುವ ಬುಷ್‌ಗೆ ಎಣ್ಣೆ ಬಿಡುವುದೂ ಇದೇ ತಪ್ಪು. ಎಣ್ಣೆ ಬ್ರೇಕಿಗೆ ತಾಗಿದರಂತೂ ಕಾರು ನಿಲ್ಲುವುದೇ ಕಷ್ಟ. ಮಳೆಗಾಲ ಮುಗಿದ ಮೇಲೆ, ಸಮುದ್ರತೀರಕ್ಕೆ ಹೋಗಿ ಬಂದ ಮೇಲೆ ತಳಭಾಗವನ್ನು ಬರೀ ಸಿಹಿನೀರಿನಿಂದ ಚೆನ್ನಾಗಿ ತೊಳೆಯುವುದು ಅದಕ್ಕಿಂತ ಒಳ್ಳೆಯದು.

ಅಲೈನ್‌ಮೆಂಟ್ ಕೊನೆಗೆ ಏಕೆ?

ಅಲೈನ್‌ಮೆಂಟ್ ಯಂತ್ರ ಅಳೆಯುವುದು ನಿಂತ ಕಾರನ್ನು. ಕೀಲು ಸಡಿಲವಿದ್ದರೆ ಆ ಅಳತೆ ಕಾರು ನಿಂತಿರುವಷ್ಟು ಹೊತ್ತು ಮಾತ್ರ ನಿಜ. ಓಡಲು ಶುರುವಾದ ಕೂಡಲೇ ಚಕ್ರ ಬೇರೆ ಕಡೆ ಮುಖ ಮಾಡುತ್ತದೆ.

ಇದರ ಪರಿಣಾಮ ಎಷ್ಟೆಂದು ನೋಡಿ. ಚಕ್ರವನ್ನು ತಿರುಗಿಸುವ ತೋಳು 12 ಸೆಂ.ಮೀ. ಉದ್ದವಿದೆ ಎಂದಿಟ್ಟುಕೊಳ್ಳಿ. ಟೈ ರಾಡ್ ಎಂಡ್‌ನಲ್ಲಿ 1 ಮಿ.ಮೀ. ಸಡಿಲ ಬಂದು ಚಕ್ರ ಅಷ್ಟು ತಿರುಗಿ ನಿಂತರೆ, ಅದು 120 ಪಾಲು ಮುಂದೆ ಹೋಗುವಾಗ 1 ಪಾಲು ಪಕ್ಕಕ್ಕೆ ಹೋಗಲು ನೋಡುತ್ತದೆ. ಅಂದರೆ ಒಂದು ಕಿ.ಮೀ. ಓಡುವಾಗ ಟಯರ್ ಸುಮಾರು 8 ಮೀಟರ್ ಅಡ್ಡಕ್ಕೆ ಉಜ್ಜಿಕೊಳ್ಳುತ್ತದೆ. ಉಗುರಿನ ದಪ್ಪದಷ್ಟು ಸಡಿಲಕ್ಕೆ ಹೊಸ ಟಯರ್ ಬೇಗ ಮುಗಿಯುವುದು ಹೀಗೆ.

ಆದ್ದರಿಂದ ಸರದಿ ಹೀಗಿರಲಿ: ಗಾಳಿ ಮತ್ತು ಟಯರ್, ರಿಮ್ ಮತ್ತು ಬ್ಯಾಲೆನ್ಸಿಂಗ್, ಬ್ರೇಕ್, ಕೀಲುಗಳು, ಬುಷ್, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್, ಎಲ್ಲ ಆದ ಮೇಲೆ ಅಲೈನ್‌ಮೆಂಟ್. ಟೈ ರಾಡ್ ಎಂಡ್ ಅಥವಾ ಲೋವರ್ ಆರ್ಮ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು.

ಗ್ಯಾರೇಜಿನಲ್ಲಿ ಒಂದು ವಿಷಯ ಗಮನಿಸಿ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಚಕ್ರ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಕಾರು ನೆಲಕ್ಕೆ ಇಳಿದು ಭಾರ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ‘ಹೊಸ ಬುಷ್ ಆರೇ ತಿಂಗಳಲ್ಲಿ ಹೋಯಿತು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು?

ಸ್ಟೆಬಿಲೈಜರ್ ಲಿಂಕಿನ ಸದ್ದು, ಬುಷ್‌ನ ಕಿರ್ ಎನ್ನುವ ಸದ್ದು, ಶಾಕ್ ಅಬ್ಸಾರ್ಬರಿನ ತೆಳು ಎಣ್ಣೆ ಪಸೆ ಇವಕ್ಕೆ ಮುಂದಿನ ಸರ್ವಿಸ್ ತನಕ ಕಾಯಬಹುದು. ಸ್ಟೆಬಿಲೈಜರ್ ಬಾರ್ ಲೋವರ್ ಆರ್ಮನ್ನು ಹಿಡಿದಿರುವ ಕಾರುಗಳಲ್ಲಿ ಅದರ ಬುಷ್ ವಿಷಯಕ್ಕೆ ಮಾತ್ರ ತಡ ಬೇಡ.

ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಸ್ಟೀರಿಂಗ್ ಕಂಬದ ಕೀಲು ಇವುಗಳಲ್ಲಿ ಕೈಗೆ ತಿಳಿಯುವ ಸಡಿಲ, ಮುರಿದ ಸ್ಪ್ರಿಂಗ್, ಉಬ್ಬಿದ ಟಯರ್, ಸಸ್ಪೆನ್ಷನ್ ಸೇರುವ ಜಾಗದ ತುಕ್ಕು ಕಂಡರೆ ಕಾರನ್ನು ಓಡಿಸಬಾರದು. ಟೈ ರಾಡ್ ಎಂಡ್ ಕಳಚಿದರೆ ಒಂದು ಚಕ್ರ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಂಡು ಕಾರು ನೆಲಕ್ಕೆ ಕುಸಿಯುತ್ತದೆ. ಇಂಥದ್ದು ಅಂಗಳದಲ್ಲಿ ಆದರೆ ಖರ್ಚು ಮಾತ್ರ. ಗೇರುಸೊಪ್ಪೆಯಿಂದ ಜೋಗದ ಕಡೆ ಹತ್ತುವ ಘಟ್ಟದಲ್ಲೋ, ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟದಲ್ಲೋ, ರಾತ್ರಿ ರೋಗಿಯನ್ನು ಮಲಗಿಸಿಕೊಂಡು ಮಣಿಪಾಲಕ್ಕೆ ಹೋಗುವಾಗಲೋ ಆದರೆ ಜೀವಕ್ಕೇ ಕುತ್ತು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಭಟ್ಕಳ, ಹೊನ್ನಾವರ ಕಡೆಯ ಕೆಎ 47 ಗಾಡಿಗಳಿಗೆ ಅದು ಹೊನ್ನಾವರದ ಸಾರಿಗೆ ಕಚೇರಿಯ ವ್ಯಾಪ್ತಿ. ಆದರೆ ಬಾಲ್ ಜಾಯಿಂಟ್ 5 ವರ್ಷ ಕಾಯುವುದಿಲ್ಲ. ಹಳೆಯ ಕಾರಿಗೆ ಮಳೆಗಾಲದ ಮೊದಲೊಂದು, ನಂತರವೊಂದು ಹೀಗೆ ವರ್ಷಕ್ಕೆರಡು ಸಲ ಈ ಅಂಗಳದ ಪರೀಕ್ಷೆ ಮಾಡುವುದು ಒಳ್ಳೆಯದು.

ಕಾಯ್ಕಿಣಿಯ ಆಲ್ಟೋಗೆ ಏನಾಗಿತ್ತು?

ಈಗ ಮೊದಲಿನ ಕಾರಿಗೆ ಮರಳೋಣ. 80ರ ವೇಗದಲ್ಲಿ ಮಾತ್ರ ನಡುಕ, ಬ್ರೇಕ್ ಒತ್ತಿದರೂ ಒತ್ತದಿದ್ದರೂ ಒಂದೇ. ಹಾಗಾಗಿ ಮೊದಲು ಚಕ್ರ ಬಿಚ್ಚಿ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಬೇಕು. ಅಲ್ಲಿ ತಿರುಗುವಾಗ ರಿಮ್ಮಿನ ಅಂಚು ಓಲಾಡಿದರೆ ಯಾವುದೋ ಹೊಂಡ ಅದನ್ನು ಬಗ್ಗಿಸಿದೆ ಎಂದು ತಿಳಿಯುತ್ತದೆ.

ಟಕ್ ಸದ್ದು ಮತ್ತು ಒಳ ಅಂಚಿನ ಸವೆತದ ಕತೆ ಬೇರೆ. ಜಾಕ್ ಕೊಟ್ಟು 12 ಮತ್ತು 6ರಲ್ಲಿ ಹಿಡಿದು ಅಲುಗಿಸಿದಾಗ ಸಡಿಲ ಕಂಡು, ಬ್ರೇಕ್ ಒತ್ತಿದಾಗಲೂ ಅದು ಉಳಿದು, ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದಿದ್ದರೆ ಉತ್ತರ ಸಿಕ್ಕಿತು. ಸಡಿಲ ಕೀಲಿನಿಂದ ಚಕ್ರದ ಕೆಳಭಾಗ ಹೊರಕ್ಕೆ ಸರಿದು, ಮೇಲ್ಭಾಗ ಒಳಕ್ಕೆ ವಾಲಿ, ಟಯರಿನ ಒಳ ಅಂಚೇ ಭಾರ ಹೊರುತ್ತಿತ್ತು. ಅಂದರೆ ಈ ಕಾರಿನಲ್ಲಿ ಇದ್ದದ್ದು ಒಂದಲ್ಲ, ಎರಡು ತೊಂದರೆ. ಎರಡು ಸಲ ಮಾಡಿಸಿದ ಅಲೈನ್‌ಮೆಂಟ್ ಎರಡರಲ್ಲಿ ಯಾವುದನ್ನೂ ಮುಟ್ಟಿರಲಿಲ್ಲ.

ರ‍್ಯಾಕ್ ಬದಲಿಸಬೇಕಿರಲಿಲ್ಲ, ಶಾಕ್ ಅಬ್ಸಾರ್ಬರ್ ಬೇಕಿರಲಿಲ್ಲ, ಕಾರು ಮಾರುವುದಂತೂ ಬೇಕಿರಲಿಲ್ಲ. ಒಂದು ರಿಮ್, ಬಾಲ್ ಜಾಯಿಂಟ್ ಸಮೇತ ಒಂದು ಲೋವರ್ ಆರ್ಮ್, ಸವೆದ ಟಯರಿಗೆ ಬದಲಿ, ಕೊನೆಯಲ್ಲಿ ಒಂದೇ ಒಂದು ಅಲೈನ್‌ಮೆಂಟ್ ಸಾಕಿತ್ತು. ಮುಂದಿನ ಸಲ ಸ್ಟೀರಿಂಗ್ ನಡುಗಿದರೆ ಮೊದಲು ಟಯರಿನ ಗಾಳಿ ನೋಡಿ, ಚಕ್ರದ ನಟ್ ನೋಡಿ, ನಾಲ್ಕು ಪ್ರಶ್ನೆಗಳ ಉತ್ತರ ಬರೆದುಕೊಳ್ಳಿ. ಗ್ಯಾರೇಜಿಗೆ ಆ ಚೀಟಿ ಹಿಡಿದುಕೊಂಡೇ ಹೋಗಿ.